ಬಡಾಯಿಗೆ ನಮ್ಮೂರ ಹೆಸರು

ಇಂಗ್ಲಿಷ್ ಸರ್ ತೀರಿಕೊಂಡರೆಂದು ಸೂಡಿಯಿಂದ ಫೋನು ಬಂದಾಗ ನಾನು ನಂಬಲಿಲ್ಲ. ಅವರ ಕಡೆಯಿಂದ ಬಂದ ಯಾವ ಮಾತನ್ನಾದರೂ ನಡುವೆ ಕಡಿದು ಅರ್ಧ ಮಾತ್ರ ನಂಬುವುದು ನಮ್ಮ ಸ್ಟಾಫ್ ರೂಮಿನ ಹಳೆಯ ಪದ್ಧತಿ. ಮೈಯಲ್ಲಿ ಜ್ವರ ಸುಡುತ್ತಿದೆ ಎಂದು ಅವರು ಹೇಳಿಕಳಿಸಿದರೆ ನಾವು ನೆಗಡಿ ಎಂದು ತಿಳಿಯುತ್ತಿದ್ದೆವು. ಮನೆಗೆ ಊರಿಗೆ ಊರೇ ಊಟಕ್ಕೆ ಬಂದಿತ್ತು ಎಂದರೆ ಪಕ್ಕದ ಮನೆಯವರು ಬಂದಿದ್ದಾರೆ ಎಂದು ಅರ್ಥ. ಈಗ ತೀರಿಕೊಂಡದ್ದನ್ನು ಅರ್ಧಕ್ಕೆ ಕಡಿದರೆ ಏನು ಉಳಿಯುತ್ತದೆ ಎಂದು ತಿಳಿಯದೆ ಫೋನು ಹಿಡಿದು ನಿಂತೆ. ಆ ಕಡೆಯಿಂದ ಅವರ ತಮ್ಮನ ಮಗ, "ಖರೇನ ಐತ್ರಿ ಅಕ್ಕಾರ. ಈ ಸಲ ಖರೇ" ಅಂದ.

ಅಕ್ಕಾರು ಎಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು. ನಾನು ನರೇಗಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯದೆ ನನಗೆ ಮುಂದೆ ಹೋಗಲು ಬರುವುದಿಲ್ಲ. ಲಗ್ನಪತ್ರಿಕೆ ಬಂದರೆ ಮೊದಲು ಒತ್ತಕ್ಷರ ತಿದ್ದುತ್ತೇನೆ, ಆಮೇಲೆ ಮದುವೆ ಯಾರದೆಂದು ನೋಡುತ್ತೇನೆ. ಇಂಥ ನನ್ನನ್ನು, ಬಾಯಿ ತೆರೆದರೆ ಬಡಾಯಿಯೇ ಉದುರುವ ಇಂಗ್ಲಿಷ್ ಸರ್ ಅವರ ಎದುರಿನ ಕುರ್ಚಿಯಲ್ಲಿ ಕೂರಿಸಿದವರು ಯಾರೋ, ಅವರಿಗೆ ನಗುವ ಚಟ ಇದ್ದಿರಬೇಕು.

ಸರ್ ಬಡಾಯಿ ಕೊಚ್ಚುವ ಮೊದಲು ಕನ್ನಡಕವನ್ನು ಹಣೆಯ ಮೇಲೆ ಏರಿಸುತ್ತಿದ್ದರು. ಇದೇ ನಮಗೆ ಗಂಟೆ. ಕನ್ನಡಕ ಮೇಲೆ ಹೋಯಿತೆಂದರೆ ಪಿ.ಟಿ. ಸರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು, ವಿಜ್ಞಾನದ ಸರ್ ಕೈಯಲ್ಲಿನ ಪೆನ್ನು ಕೆಳಗಿಡುತ್ತಿದ್ದರು. "ಇದನ್ನ ನಾ ಹೇಳಬಾರದು" ಎಂದು ಸರ್ ಶುರುಮಾಡುತ್ತಿದ್ದರು. ಹೇಳಬಾರದ್ದನ್ನು ಊಟದ ಬಿಡುವು ಮುಗಿಯುವವರೆಗೂ ಹೇಳುತ್ತಿದ್ದರು.

ಅವರ ಹೆಂಡತಿ ಬಡಿಯುವ ಜೋಳದ ರೊಟ್ಟಿ ಎಷ್ಟು ತೆಳ್ಳಗೆ ಎಂದರೆ ಅದರ ಹಿಂದೆ ಪೇಪರ್ ಹಿಡಿದು ಸುದ್ದಿ ಓದಬಹುದಂತೆ. ವಿಜ್ಞಾನದ ಸರ್ ಪ್ರಯೋಗ ಮಾಡದೆ ಏನನ್ನೂ ಒಪ್ಪುವವರಲ್ಲ. ಒಂದು ದಿನ ಪೇಪರ್ ತಂದು, ಸರ್ ಡಬ್ಬಿಯ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಒಂದಕ್ಷರವೂ ಕಾಣಲಿಲ್ಲ. ಸರ್ ಬಗ್ಗಿ ನೋಡಿ, ಬಹಳ ಬೇಸರದಿಂದ, "ಪೇಪರಿನವ್ರು ಇತ್ತೀಚಿಗೆ ಮಸಿ ಭಾಳ ಕಡಿಮಿ ಹಾಕ್ತಾರ್ರಿ" ಅಂದರು.

ಅವರ ಸ್ಕೂಟರು ಪೆಟ್ರೋಲಿನ ಮೇಲೆ ಅಲ್ಲ, ಪೆಟ್ರೋಲಿನ ವಾಸನೆಯ ಮೇಲೆ ಓಡುತ್ತಿತ್ತು. ಒಂದು ಮುಂಜಾನೆ ಸರ್ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡು ನಿಂತು, ಸಾಲಿಯ ಗೇಟಿನೊಳಗೆ ಬಂದರು. ಮಕ್ಕಳೆಲ್ಲ ಪ್ರಾರ್ಥನೆಗೆ ನಿಂತಿದ್ದರು. ಸರ್ ಇಳಿದು, ಅಂಗಿ ಝಾಡಿಸಿ, "ಹಾದ್ಯಾಗ ರಾಜೂರಾಗಿನ ಮಂದಿ ಬಿಡ್ಲೇ ಇಲ್ರಿ. ಇಂಥಾ ಗಾಡಿನ ನೆಲದ ಮ್ಯಾಲ ನಡಸ್ತೀರೇನು ಅಂತ ಎತ್ತಿ ಕೂಡಿಸಿಬಿಟ್ರು" ಅಂದರು. ಟ್ರ್ಯಾಕ್ಟರಿನವನು ಹಿಂದೆಯೇ ನಿಂತಿದ್ದ. ಅವನಿಗೂ ಅದು ಹೌದೆನ್ನಿಸಿತೋ ಏನೋ, ತಲೆ ಅಲ್ಲಾಡಿಸಿದ.

ಸೂಡಿಯ ಹೊಂಡದ ನೀರು ಕುಡಿದರೆ ಇಂಗ್ಲಿಷ್ ತಾನಾಗಿ ಬರುತ್ತದೆ ಎಂದು ಅವರು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತಿದ್ದರು. ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿ ವಿದ್ಯುತ್ತಿನ ಪಂಖಾಗಳ ಬಗ್ಗೆ ಅವರದು ಬೇರೆಯೇ ವಿಜ್ಞಾನ. "ಗುಡ್ಡದ ಗಾಳಿಗೆ ಅಷ್ಟು ದೊಡ್ಡ ಪಂಖಾ ತಿರಗತಾವೇನ್ರಿ? ಕೆಳಗ ನಮ್ಮ ಮಂದಿ ಕಟ್ಟಿ ಮ್ಯಾಲ ಕುಂತು ಮಾತಾಡ್ತಾರಲ್ಲ, ಆ ಗಾಳಿಗೆ ತಿರಗತಾವ."

ಅವರ ಕ್ಲಾಸಿನ ಸದ್ದು ನನ್ನ ಕ್ಲಾಸಿಗೂ ಕೇಳುತ್ತಿತ್ತು. "ತಪ್ಪು ಮಾತಾಡ್ರಲೇ, ಆದ್ರ ಎದಿ ಉಬ್ಬಿಸಿ ಮಾತಾಡ್ರಿ" ಎಂದು ಕಲಿಸುತ್ತಿದ್ದರು. ಮಕ್ಕಳು ಹಾಗೇ ಮಾತಾಡುತ್ತಿದ್ದರು. ವ್ಯಾಕರಣ ಸತ್ತು ಬಿದ್ದಿರುತ್ತಿತ್ತು, ಎದೆಗಳು ಮಾತ್ರ ಉಬ್ಬಿರುತ್ತಿದ್ದವು. ಗೋಡೆಯ ಈಚೆ ನಾನು ಹಲ್ಲು ಕಚ್ಚಿಕೊಂಡು ಸಂಧಿ ಬಿಡಿಸುತ್ತಿದ್ದೆ.

ಶಬ್ದದ ವಿಷಯ ಶುರುವಾದದ್ದು ಒಂದು ಶನಿವಾರ. ಸಾಲಿ ಬಿಟ್ಟಿತ್ತು. ಹಿಂದಿನ ವಾರ ಸೂಡಿಯಲ್ಲಿ ಬಿದ್ದ ಆಲಿಕಲ್ಲು ಕುಂಬಳಕಾಯಿ ಗಾತ್ರದವು, ಒಂದನ್ನು ಒಡೆದು ಓಣಿಗೆಲ್ಲ ಶರಬತ್ತು ಮಾಡಿದೆವು ಎಂದು ಸರ್ ಹೇಳುತ್ತಿದ್ದರು. ವಿಜ್ಞಾನದ ಸರ್ ತಾಳಲಾರದೆ, "ಏನ್ ಗ್ಯಾಸ್ ಬಿಡ್ತೀರಿ ಸರ್" ಅಂದುಬಿಟ್ಟರು.

ಸರ್‌ಗೆ ಸಿಟ್ಟು ಬರಲಿಲ್ಲ. ಕನ್ನಡಕ ಕೆಳಗಿಳಿಸಿ, ಮೂಗಿನ ಮೇಲೆ ಸರಿಯಾಗಿ ಕೂರಿಸಿದರು. ಹಾಗೆ ಅವರು ಮಾಡುತ್ತಿದ್ದುದು ಪಾಠ ಮಾಡುವಾಗ ಮಾತ್ರ. "ಗ್ಯಾಸ್ ಅಲ್ರಿ. ಅದಕ್ಕ ಇಂಗ್ಲಿಷಿನ್ಯಾಗ ಪೂರಾ ಶಬ್ದನ ಐತಿ. ಗ್ಯಾಸ್ಕನೇಡ್."

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗ್ಯಾಸ್ ಬಿಡುವುದಕ್ಕೆ ಬಾಲ ಹಚ್ಚಿ ಸರ್ ಸ್ವಂತ ಇಂಗ್ಲಿಷ್ ಹುಟ್ಟಿಸಿದರು ಎಂದೇ ಎಲ್ಲರೂ ತಿಳಿದೆವು. ಪಿ.ಟಿ. ಸರ್ ಕಣ್ಣೊರೆಸಿಕೊಳ್ಳುತ್ತ, "ಅಂದ್ರ ಬ್ರಿಟಿಷರೂ ಸಿಲಿಂಡರ್ ಬಂದ ಮ್ಯಾಲೇ ಬಡಾಯಿ ಕಲತ್ರೇನ್ರಿ? ಸೀಮಿಎಣ್ಣಿ ಒಲಿ ಇದ್ದಾಗ ಏನ್ ಬಿಡ್ತಿದ್ರು?" ಅಂದರು.

ಸರ್ ಎದ್ದು ಹೋಗಿ ಕಪಾಟಿನ ದಪ್ಪ ನಿಘಂಟು ತಂದು, ಧೂಳು ಊದಿ, ನನ್ನ ಮುಂದೆ ಇಟ್ಟರು. ತಪ್ಪು ಹಿಡಿಯುವವಳು ನಾನೇ ಎಂದು ಅವರಿಗೆ ಗೊತ್ತಿತ್ತು. ಶಬ್ದ ಇತ್ತು. ಗ್ಯಾಸಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಫ್ರಾನ್ಸ್ ದೇಶದ ನೈಋತ್ಯ ಮೂಲೆಯಲ್ಲಿ ಗ್ಯಾಸ್ಕನಿ ಎಂಬ ಸೀಮೆ. ಅಲ್ಲಿನ ಮಂದಿ ಬಡಾಯಿಗೆ ಹೆಸರಾದವರು. ಮನೆಯಲ್ಲಿ ಪಾಲಿಗೆ ಏನೂ ಬಾರದ ಹುಡುಗರು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ದಂಡು ಸೇರಲು ರಾಜಧಾನಿಗೆ ಹೋಗುತ್ತಿದ್ದರು, ಕಿಸೆಯಲ್ಲಿ ಇಲ್ಲದ್ದನ್ನೆಲ್ಲ ಬಾಯಲ್ಲಿ ಇಟ್ಟುಕೊಂಡಿರುತ್ತಿದ್ದರು ಎಂದು ಸರ್ ವಿವರಿಸಿದರು. ಅವರ ಮಾತಿನ ಜೋರು ನೋಡಿ ಫ್ರೆಂಚರು ಅಂಥ ಮಾತಿಗೆ ಆ ಸೀಮೆಯ ಹೆಸರನ್ನೇ ಇಟ್ಟರು. ಇಂಗ್ಲಿಷಿನವರು ಅದನ್ನು ಎತ್ತಿ ತಮ್ಮ ಭಾಷೆಗೆ ಹಾಕಿಕೊಂಡರು.

"ಆ ಸೀಮಿನೂ ನಮ್ಮಂಗ ಎರಿ ಹೊಲದ, ಕರಿ ಮಣ್ಣಿನ ಸೀಮಿನ ಇರಬೇಕ್ರಿ" ಅಂದರು ಸರ್.

"ನಿಘಂಟಿನಲ್ಲಿ ಹಾಗೆ ಬರೆದಿಲ್ಲವಲ್ಲ" ಅಂದೆ.

"ಬರದಿಲ್ಲ. ಆದ್ರ ಎರಿ ನೆಲ ಇಲ್ದ ಇಷ್ಟು ಬಡಾಯಿ ಬೆಳಿಯಾಕ ಸಾಧ್ಯ ಇಲ್ರಿ."

ಈ ಶಬ್ದವನ್ನು ಈಗ ಇಂಗ್ಲಿಷಿನವರೂ ಬಳಸುವುದಿಲ್ಲ, ಬಹಳ ಹಳೆಯದು ಎಂದು ಹೇಳಿ ನಾನು ನಿಘಂಟು ಮುಚ್ಚಿದೆ. ಸರ್ ಮುಖ ಒಮ್ಮೆಲೆ ಅರಳಿತು. "ಹಂಗಂದ್ರ ಜಾಗಾ ಖಾಲಿ ಐತಿ" ಅಂದರು.

ಯಾವ ಜಾಗ ಎಂದು ನಮಗೆ ಹೊಳೆಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಎಲ್ಲಿಯದೋ ಒಂದು ಸೀಮೆ ಬಡಾಯಿ ಹೊಡೆದು ಹೊಡೆದು ನಿಘಂಟಿನಲ್ಲಿ ಜಾಗ ಹಿಡಿಯುತ್ತದೆ. ಅವರಿಗಿಂತ ನಾವು ಯಾವುದರಲ್ಲಿ ಕಡಿಮೆ? ರೋಣ, ನರಗುಂದ, ಗಜೇಂದ್ರಗಡದಂಥ ಮೂರು ಊರು ಮಗ್ಗುಲಿಗೆ ಮಗ್ಗುಲು ಇಟ್ಟುಕೊಂಡು, ಬಡಾಯಿಗೆ ಇನ್ನೂ ಹಿಂದಿಯವರ ಶಬ್ದ ಬಳಸುವುದು ನಾಚಿಕೆಗೇಡಲ್ಲವೇ? ನಮ್ಮ ಊರಿನ ಹೆಸರಿನಿಂದಲೇ ಒಂದು ಶಬ್ದ ಹುಟ್ಟಬೇಕು, ಮಂದಿಯ ಬಾಯಲ್ಲಿ ಓಡಾಡಬೇಕು. ನಮಗೆ ಬಡಿವಾರ ಎಂಬ ಶಬ್ದ ಇದೆಯಲ್ಲ ಎಂದೆ. "ಅದನ್ನ ಮರಾಠಿಯವ್ರೂ ತಮ್ದು ಅಂತಾರ್ರಿ ಅಕ್ಕಾರ. ಜಗಳದ ಆಸ್ತಿ ಬ್ಯಾಡ" ಅಂದರು.

ಸೋಮವಾರ ಊಟದ ಬಿಡುವಿಗೆ ಮೊದಲ ಶಬ್ದ ಬಂತು, ರೋಣಿಕಿ. "ಏನ್ ರೋಣಿಕಿ ಹೊಡೀತಿಯೋ" ಎಂದು ಸರ್ ಎರಡು ಸಲ ಅಂದು ತೋರಿಸಿದರು. ಬಾಯಿಗೆ ಚೆನ್ನಾಗಿಯೇ ಕೂಡುತ್ತಿತ್ತು. ಆದರೆ ಪಿ.ಟಿ. ಸರ್ ರೋಣದವರು. "ನಮ್ಮೂರ ಹೆಸರು ಹಚ್ಚಬ್ಯಾಡ್ರಿ. ರೋಣದ ಮಂದಿ ಮಾಡಿದ್ದನ್ನೂ ಹೇಳಂಗಿಲ್ಲ" ಅಂದರು. ಹಾಗೆಂದು ರೋಣದ ಮಂದಿ ಮಾಡಿಯೂ ಹೇಳದೆ ಬಿಟ್ಟ ದೊಡ್ಡ ದೊಡ್ಡ ಕೆಲಸಗಳನ್ನೆಲ್ಲ ಬಿಡುವು ಮುಗಿಯುವವರೆಗೂ ಹೇಳಿದರು. ಸರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ವಿಜ್ಞಾನದ ಸರ್ ನರಗುಂದದವರು. ನರಗುಂದಿಕಿ ಎಂದದ್ದೇ ತಡ, ಅವರು ಎದ್ದು ನಿಂತರು. "ನಮ್ಮದು ಬಂಡಾಯದ ಊರ್ರಿ. ನಾವು ಬಾಯಿ ಆಡಸೂದಿಲ್ಲ, ಕೈ ಆಡಸ್ತೀವಿ." ಕೈ ಆಡಿಸಿಯೂ ತೋರಿಸಿದರು. ಮೇಜಿನ ಮೇಲಿನ ಚಹಾ ಚೆಲ್ಲಿ ನನ್ನ ಕಾಪಿ ಪುಸ್ತಕಗಳೆಲ್ಲ ಒದ್ದೆಯಾದವು.

ಹೆಡ್ ಮಾಸ್ತರರು ಗಜೇಂದ್ರಗಡದವರು. ಅವರು ಜಗಳಕ್ಕೆ ಬರಲಿಲ್ಲ, ಲೆಕ್ಕಾಚಾರದ ಮನುಷ್ಯ. "ಗಜೇಂದ್ರಗಡಿಕಿ ಅನ್ನೂದ್ರಾಗ ಹೊಡಿಯೂ ಬಡಾಯಿನ ಮುಗದು ಹೋಗಿರ್ತೈತ್ರಿ ಸರ್. ಸಣ್ಣ ಊರು ನೋಡ್ರಿ" ಎಂದು ಸಲಹೆ ಕೊಟ್ಟರು.

ಹಾಗೆ ಕೊನೆಗೆ ಸರ್ ತಮ್ಮ ಸ್ವಂತ ಊರಿಗೇ ಬಂದರು. ಸೂಡಿಕಿ. ಅದನ್ನು ಸೂಡಿಯ ಕಟ್ಟೆಯ ಮೇಲೆಯೇ ಮೊದಲು ಬಿತ್ತಬೇಕೆಂದು ಹೋಗಿ, ಎತ್ತಿನ ಬಗ್ಗೆ ದೊಡ್ಡ ಮಾತಾಡುತ್ತಿದ್ದ ಹಿರಿಯರೊಬ್ಬರಿಗೆ, "ಕಾಕಾ, ಏನ್ ಸೂಡಿಕಿ ಹೊಡೀತಿ" ಅಂದರಂತೆ. ಮುಂದಿನದನ್ನು ನನಗೆ ಹೇಳಿದವರು ಅವರ ಹೆಂಡತಿ. ಬಹಳ ಕಡಿಮೆ ಮಾತಿನ ಹೆಂಗಸು. ಮನೆಯ ಮಾತನ್ನೆಲ್ಲ ಗಂಡನೇ ಮುಗಿಸುತ್ತಿದ್ದುದರಿಂದ ಅವರ ಪಾಲಿಗೆ ಸ್ವಲ್ಪವೇ ಉಳಿದಿರಬೇಕು. "ಕಾಕಾ ಬಡಿಗಿ ತಗೊಂಡು ಮನಿ ತನಕ ಬಂದಿದ್ರು. ಹುಟ್ಟಿದೂರಿನ ಹೆಸರು ಕೆಡಸ್ತಾನಂತ. ಇವ್ರು ಹಿತ್ತಲ ಬಾಗಲಾಗಿಂದ ಸಾಲಿಗಿ ಹ್ವಾದ್ರು" ಅಂದರು. ಆ ದಿನ ಸರ್ ಸ್ಟಾಫ್ ರೂಮಿಗೆ ಬಂದು ಹೇಳಿದ್ದು ಬೇರೆ. ಶಬ್ದ ಕೇಳಿ ಊರ ಹಿರಿಯರು ಮೆರವಣಿಗೆಯಲ್ಲಿ ಮನೆಯವರೆಗೆ ಬಂದರಂತೆ.

ಸಂತೆಯಲ್ಲಿ ನಡೆದದ್ದನ್ನು ಮಾತ್ರ ನಾನೇ ಕಣ್ಣಾರೆ ನೋಡಿದ್ದೇನೆ. ನರೇಗಲ್ಲಿನ ಸಂತೆಯಲ್ಲಿ ಪಾತ್ರೆ ಮಾರುವವನೊಬ್ಬ ತನ್ನ ಕುಕ್ಕರು ಆನೆ ಹತ್ತಿ ನಿಂತರೂ ನೆಗ್ಗುವುದಿಲ್ಲ ಎಂದು ಕೂಗುತ್ತಿದ್ದ. ಸರ್‌ಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ಬಡಾಯಿಯ ಶಬ್ದಗಳ ಮೂಲವನ್ನು ಅವನಿಗೆ ತಿಳಿಸಿ, ಆಮೇಲೆ ನಮ್ಮ ಸೀಮೆಯ ಶಬ್ದಕ್ಕೆ ಬರುವ ವಿಚಾರ ಅವರದು.

"ತಮ್ಮಾ, ಇದಕ್ಕ ಏನಂತಾರ ಗೊತ್ತೈತೇನು? ಗ್ಯಾಸ್ಕನೇಡ್."

"ಐತ್ರಿ ಸರ. ಐದು ಲೀಟರಿಂದೋ, ಮೂರು ಲೀಟರಿಂದೋ?" ಎಂದು ಅವನು ಕುಕ್ಕರಿನ ರಬ್ಬರ್ ಬಳೆಗಳ ಗೊಂಚಲಿಗೆ ಕೈ ಹಾಕಿದ. ಗ್ಯಾಸ್ಕೆಟ್ ಕೇಳುತ್ತಿದ್ದಾರೆ ಎಂದು ತಿಳಿದಿದ್ದ.

ಸರ್ ತಿದ್ದಲು ನೋಡಿದರು. ಫ್ರಾನ್ಸ್ ಅಂದರು. ಅವನು, "ಫ್ರಾನ್ಸ್ ಇಲ್ರಿ, ಮುಂಬೈ ಮಾಲ್ ಐತಿ, ಗ್ಯಾರಂಟಿ" ಅಂದ. ಸುತ್ತ ಹೆಂಗಸರು ಕೂಡಿದರು. ಒಬ್ಬಾಕೆ ತನಗೂ ಒಂದು ಗ್ಯಾಸ್ಕನೇಡ್ ಬೇಕೆಂದಳು. ನಾನು ಬದನೆಕಾಯಿ ಆರಿಸುವುದನ್ನು ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಕೊನೆಗೆ ಸರ್ ಒಂದು ರಬ್ಬರ್ ಬಳೆ ಕೊಂಡು, ಕೈಯಲ್ಲಿ ತಿರುಗಿಸುತ್ತ ಬಂದು, "ಚಲೋ ಹುಡುಗ. ಶಬ್ದ ಹೇಳಿದ ಕೂಡ್ಲೆ ಹಿಡದ" ಅಂದರು. ಅವರ ಮನೆಯ ಕುಕ್ಕರಿಗೆ ಅದು ಸಣ್ಣದಾಯಿತು ಎಂದು ಆಮೇಲೆ ತಿಳಿಯಿತು.

ಇದೆಲ್ಲ ನಗೆಚಾಟಿಕೆ ಎಂದೇ ನಾನು ತಿಳಿದಿದ್ದೆ. ಅವರು ನಿವೃತ್ತರಾಗುವ ವಾರ, ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ, ಸರ್ ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. ಕನ್ನಡಕ ಮೂಗಿನ ಮೇಲೇ ಇತ್ತು.

"ಅಕ್ಕಾರ, ನಿಮ್ಮ ವ್ಯಾಕರಣದ ಪಾಠದಾಗ ಊರಿನ ಹೆಸರಿನಿಂದ ಹುಟ್ಟಿದ ಶಬ್ದ ಅಂತ ಒಂದು ಉದಾಹರಣೆ ಕೊಡ್ರಿ. ರೋಣಿಕಿ ಕೊಡ್ರಿ, ಸೂಡಿಕಿ ಕೊಡ್ರಿ, ಯಾವುದರ ಕೊಡ್ರಿ. ವರ್ಷಾ ಒಂದಿಷ್ಟು ಮಕ್ಕಳ ಬಾಯಾಗ ಹೋದ್ರ ತಾನ ನಡೀತೈತಿ."

ಆಗುವುದಿಲ್ಲ ಎಂದೆ. ಮಂದಿ ಬಳಸದ ಶಬ್ದವನ್ನು ಮಕ್ಕಳಿಗೆ ಕಲಿಸುವುದು ಸುಳ್ಳು ಕಲಿಸಿದಂತೆ. ಶಬ್ದ ತಾನಾಗಿ ಮಂದಿಯ ಬಾಯಿಂದ ಬರಬೇಕು, ನಾವು ಹೇರಿದರೆ ಬರುವುದಿಲ್ಲ ಎಂದು ನನ್ನ ಎಂದಿನ ಗಡಸು ದನಿಯಲ್ಲೇ ಹೇಳಿದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.

ಸರ್ ತಲೆ ಆಡಿಸಿದರು. ಆಮೇಲೆ, "ಇದನ್ನ ನಾ ಹೇಳಬಾರದು" ಅಂದರು. ನಾನು ಎಂದಿನಂತೆ ನಗಲು ತಯಾರಾದೆ.

"ಇಷ್ಟು ವರ್ಷ ಕಲಿಸಿದ್ನಲ್ರಿ, ಎಲ್ಲಾ ಬ್ಯಾರೆಯವ್ರ ಶಬ್ದ. ಒಂದೂ ನಮ್ಮದಲ್ಲ. ಮಂದಿ ಗುಡಿ ಕಟ್ಟಸ್ತಾರ, ಹೊಂಡ ಕಟ್ಟಸ್ತಾರ. ನನ್ನ ಕೈಲೆ ಅವೆಲ್ಲ ಆಗಂಗಿಲ್ಲ. ಒಂದು ಶಬ್ದ ಬಿಟ್ಟು ಹೋಗಬೇಕು ಅಂತ ಆಸೆ ಅಷ್ಟ. ನನ್ನ ಹೆಸರು ಬ್ಯಾಡ. ನನ್ನ ಮಾರಿನೂ ನೋಡಲಾರದಂವ, ಹಾದ್ಯಾಗ ಹೋಗಾಂವ ಯಾವನರ ಒಬ್ಬ, ಸುಮ್ನ ಮಾತಿನ್ಯಾಗ ಅದನ್ನ ಅನ್ನಬೇಕು. ಅಂದದ್ದು ನನ್ನ ಕಿವಿಗೆ ಬೀಳಬೇಕು. ಸಾಕು."

ನನಗೆ ನಗು ಬರಲಿಲ್ಲ. ಸರ್ ಕೂಡ ನಗಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಎದ್ದು, ಬಾಗಿಲ ಹತ್ತಿರ ಹೋಗಿ, ಕನ್ನಡಕ ಮೇಲಕ್ಕೇರಿಸಿ, "ನಿಮ್ಮಂಥಾ ಕಟ್ಟುನಿಟ್ಟು ಕನ್ನಡ ಅಕ್ಕಾರು ಸೂಡಿ ಹೊಂಡದಿಂದ ಗಜೇಂದ್ರಗಡದ ಕ್ವಾಟಿ ತನಕ ಹುಡುಕಿದ್ರೂ ಸಿಗಂಗಿಲ್ರಿ. ನಾ ಎಲ್ಲಾರ ಮುಂದೂ ಹೇಳ್ತೀನಿ" ಅಂದರು. ಹೇಳುತ್ತಲೂ ಇದ್ದರಂತೆ. ನನ್ನ ಬಗ್ಗೆ ಅವರು ಹೇಳಿದ್ದನ್ನು ಕೇಳಿದವರು ನನ್ನನ್ನು ಕಂಡಾಗ ಸ್ವಲ್ಪ ನಿರಾಶರಾಗುತ್ತಿದ್ದರು.

ನಿವೃತ್ತಿಯಾದ ಮೇಲೆ ಸರ್ ಬಸ್‌ನಲ್ಲಿ, ಸಂತೆಯಲ್ಲಿ, ಯಾರದೋ ಮದುವೆಯ ಊಟದ ಸಾಲಿನಲ್ಲಿ ಸಿಗುತ್ತಿದ್ದರು. ಮೊದಲು ತಮ್ಮ ಹಿತ್ತಲ ಬದನೆಗಿಡದ ಎತ್ತರ ಹೇಳುತ್ತಿದ್ದರು. ಏಣಿ ಹಚ್ಚಿ ಕಾಯಿ ಹರಿಯುತ್ತಿದ್ದರಂತೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಿದ್ದರು, "ಅಕ್ಕಾರ, ಎಲ್ಲ್ಯಾರ ಕಿವಿಗೆ ಬಿತ್ತೇನ್ರಿ?"

"ಇಲ್ರಿ ಸರ್."

"ರೋಣದ ಕಡೆ?"

"ಇಲ್ರಿ."

"ಇರ್ಲಿ. ಶಬ್ದಕ್ಕ ಗಡಿಬಿಡಿ ಇರಂಗಿಲ್ಲ" ಎಂದು ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ಬೀಳಲಿಲ್ಲ ಎಂದು ನಾನು ಹೇಳಿದಷ್ಟು ಸಲವೂ ಅವರು ಮತ್ತೆ ಕೇಳಿದರು. ಒಂದು ಸಲವಾದರೂ ಬಿತ್ತು ಎನ್ನಬಹುದಿತ್ತಲ್ಲ ಎಂದು ಪಿ.ಟಿ. ಸರ್ ನನ್ನನ್ನು ಬೈದರು. ಹಾಗೆ ಅಂದಿದ್ದರೆ ಸರ್ ಮೊದಲು ನನ್ನ ಮಾತನ್ನೇ ಅರ್ಧಕ್ಕೆ ಕಡಿಯುತ್ತಿದ್ದರು. ನಾನು ಸುಳ್ಳು ಹೇಳುವುದಿಲ್ಲ ಎಂಬುದೊಂದೇ ಅವರಿಗೆ ನನ್ನಿಂದ ಸಿಗುತ್ತಿದ್ದ ಭರವಸೆ.

ಫೋನು ಬಂದ ಮಾರನೆಯ ದಿನ ಸೂಡಿಗೆ ಹೋದೆ. ಅವರ ಹೆಂಡತಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮೈದುನನ ಸೊಸೆಯಂದಿರು, ಮೊಮ್ಮಕ್ಕಳು ಸುತ್ತ ಓಡಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಬಹಳ ಹೊತ್ತಿನ ಮೇಲೆ ಅವರು ಅಂದರು: "ಅವ್ರು ಹೇಳಿದ್ದು ಒಂದರ ನಂಬಿದ್ನೇನ್ರಿ ನಾ? ಒಂದೂ ನಂಬಲಿಲ್ಲ. ಆದ್ರ ಅವ್ರು ಹೇಳೂಮುಂದ ಈ ಮನಿ ಭಾಳ ದೊಡ್ಡದಿತ್ರಿ. ಈಗ ನೋಡಿದ್ರ ಎರಡು ಖೋಲಿ."

ನಾನು ಅಳಬಾರದೆಂದು ಬಂದವಳು, ಅತ್ತುಬಿಟ್ಟೆ. ಅವರೇ ನನಗೆ ನೀರು ಕೊಟ್ಟರು. "ದವಾಖಾನಿಗೆ ಹೊಂಟಾಗೂ ಕೇಳಿದ್ರು, ಅಕ್ಕಾರು ಫೋನ್ ಮಾಡಿದ್ರೇನು, ಏನರ ಕಿವಿಗೆ ಬಿತ್ತಂತೇನು ಅಂತ. ಏನ್ರಿ ಅದು, ಹೊಲದ ವ್ಯವಹಾರನೇನು?" ಎಂದು ಕೇಳಿದರು. ಒಂದು ಶಬ್ದದ ವ್ಯವಹಾರ ಎಂದೆ. "ಅಷ್ಟ ಹೌದಿಲ್ಲೋ" ಎಂದು ಅವರಿಗೆ ಸಮಾಧಾನವಾಯಿತು.

ತಿರುಗಿ ಬರುವಾಗ ಗಜೇಂದ್ರಗಡದಲ್ಲಿ ಬಸ್ ಬದಲಿಸಬೇಕಿತ್ತು. ನನ್ನ ಬಸ್ ಬಂದಿರಲಿಲ್ಲ. ಮಧ್ಯಾಹ್ನದ ಬಿಸಿಲು. ಬಸ್‌ಸ್ಟ್ಯಾಂಡಿನ ಮಗ್ಗುಲಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಚಹಾ ಹೇಳಿದೆ. ಎದುರು ಬೆಂಚಿನಲ್ಲಿ ಇಬ್ಬರು ಹುಡುಗರು, ಇಬ್ಬರನ್ನೂ ನಾನೆಂದೂ ನೋಡಿದವಳಲ್ಲ, ಮಿರ್ಚಿ ಭಜಿ ತಿನ್ನುತ್ತಿದ್ದರು. ಕೆಂಪಂಗಿಯವನು ತನ್ನ ಟಗರಿನ ಬಗ್ಗೆ ಹೇಳುತ್ತಿದ್ದ. ಟಗರು ಡಿಕ್ಕಿ ಹೊಡೆದದ್ದಕ್ಕೆ ನಿಂತ ಜೀಪು ಹಿಂದಕ್ಕೆ ಹೋಗಿ ರೋಣದ ದಾರಿ ಹಿಡಿಯಿತಂತೆ.

ಇನ್ನೊಬ್ಬ ಮಿರ್ಚಿಯ ತೊಟ್ಟು ಎಸೆದು, "ಸಾಕ ಬಿಡಲೇ. ಭಾಳ ಗ್ಯಾಸ್ಕನಾಟ ಹಚ್ಚಬ್ಯಾಡ" ಅಂದ.

ನನ್ನ ಕೈಯಲ್ಲಿನ ಚಹಾ ಸೀರೆಯ ಮೇಲೆ ಚೆಲ್ಲಿತು. "ಏನಂದಿ ತಮ್ಮಾ?" ಎಂದೆ.

ಅವನು ಹೆದರಿದ. ಕೆಟ್ಟ ಮಾತು ಅಂದೆನೇನೋ ಎಂದು ತಿಳಿದ. "ಬೈಗಳ ಅಲ್ರಿ ಅಕ್ಕಾರ" ಅಂದ. ಕೈಚೀಲ, ಕನ್ನಡಕ ನೋಡಿ ಸಾಲಿಯವಳೆಂದು ಗುರುತಿಸಿದ್ದ. "ಗ್ಯಾಸ್ಕನಾಟ ಅಂದ್ರ ಸುಮ್ನ ದೊಡ್ಡ ದೊಡ್ಡ ಮಾತಾಡೂದು. ನಮ್ಮ ಕಡೆ ಹಂಗ ಅಂತಾರ್ರಿ."

"ಯಾರು ಅಂತಾರ?"

"ಎಲ್ಲಾರೂ ಅಂತಾರ್ರಿ. ಮೊದ್ಲಿಂದ ಐತಿ ಶಬ್ದ."

"ಎಲ್ಲಿಂದ ಬಂತು ಅದು?"

ಕೆಂಪಂಗಿಯವನು ಇದಕ್ಕೇ ಕಾದಿದ್ದವನಂತೆ ಮುಂದೆ ಸರಿದು ಕೂತ. "ಹಿಂದಿನ ಕಾಲದಾಗ ಗ್ಯಾಸ್ಕಣ್ಣ ಅಂತ ಒಬ್ಬಾಂವ ಇದ್ದನಂತ್ರಿ. ಅಂವ ಆಡಿದ ಆಟಕ್ಕ ಗ್ಯಾಸ್ಕಣ್ಣನಾಟ ಅಂತಿದ್ರು. ಅಂದು ಅಂದು ಗ್ಯಾಸ್ಕನಾಟ ಆತು. ಅಂವ ನಮ್ಮ ರೋಣದಾಂವ."

"ಯಾರ್ ಹೇಳಿದ್ರು ರೋಣದಾಂವ ಅಂತ? ನರಗುಂದದಾಂವ. ನಮ್ಮ ಅಜ್ಜನ ಓಣ್ಯಾಗ ಅವನ ಮನಿ ಇತ್ತು" ಅಂದ ಮಿರ್ಚಿಯವನು.

ಚಹಾದವನಿಗೆ ಸಿಟ್ಟು ಬಂತು. ಸೋಸುವುದನ್ನು ನಿಲ್ಲಿಸಿ, ಇಬ್ಬರಿಗೂ ಬುದ್ಧಿಯಿಲ್ಲ ಎಂದು ತಿಳಿಸಿದ. "ಗ್ಯಾಸ್ಕಣ್ಣ ಗಜೇಂದ್ರಗಡದಾಂವ್ರಿ ಅಕ್ಕಾರ. ಅಗದೀ ಇಲ್ಲಿಯಾಂವ. ಅಂಥಾಂವ ಬ್ಯಾರೆ ಊರಾಗ ಹುಟ್ಟಾಕ ಶಕ್ಯ ಇಲ್ಲ. ಅಂವ ಮಾತಾಡಾಕ ನಿಂತ್ರ ಸಂತಿ ಬಿಟ್ಟು ಮಂದಿ ಕೂಡತಿತ್ತಂತ. ಒಂದ ಮಾತೂ ಖರೇ ಇರ್ತಿದ್ದಿಲ್ಲಂತ, ಆದ್ರ ಕೇಳಿ ಮನಿಗೆ ಹೋದವ್ರು ಮರದಿವ್ಸ ಮತ್ತ ಬರತಿದ್ರಂತ."

ಮೂರು ಊರಿನವರೂ ಗ್ಯಾಸ್ಕಣ್ಣ ತಮ್ಮವನೆಂದು ಏರುದನಿಯಲ್ಲಿ ವಾದಕ್ಕೆ ಬಿದ್ದರು. ನನ್ನ ಬಾಯಿ ತಾನಾಗಿ ತೆರೆಯಿತು. ತಪ್ಪು ಕೇಳಿದರೆ ಅದು ತೆರೆಯುತ್ತದೆ, ನನ್ನ ಕೈಯಲ್ಲಿಲ್ಲ. ಗ್ಯಾಸ್ಕಣ್ಣನೂ ಇಲ್ಲ, ಆಟವೂ ಇಲ್ಲ, ಅದು ಫ್ರಾನ್ಸಿನ ಒಂದು ಸೀಮೆಯ ಹೆಸರಪ್ಪಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾದಿಯಲ್ಲಿ ಹೋಗುವವನು, ಮುಖ ನೋಡದವನು, ಸುಮ್ಮನೆ ಮಾತಿನಲ್ಲಿ ಅಂದಿದ್ದ. ನನ್ನ ಕಿವಿಗೆ ಬಿದ್ದಿತ್ತು. ಹೇಳಬೇಕೆಂದರೆ ಸರ್ ಇರಲಿಲ್ಲ. ನಗು, ಅಳು ಎರಡೂ ಒಟ್ಟಿಗೆ ಬಂದವು. ಒದ್ದೆ ಸೆರಗಿನಿಂದಲೇ ಕಣ್ಣೊರೆಸಿಕೊಂಡು, ಜೀವನದಲ್ಲಿ ಮೊದಲ ಸಲ ಒಂದು ತಪ್ಪನ್ನು ತಿದ್ದದೆ ಬಿಟ್ಟೆ.

"ಅವರು ಸೂಡಿಯವರು" ಅಂದೆ. "ನನಗೆ ಗೊತ್ತೈತಿ. ನಾ ಅವರ ಜೋಡಿ ಒಂದ ಸಾಲ್ಯಾಗ ಕಲಿಸೇನಿ. ದಿನಾ ಅವರ ಎದುರಿಗೆ ಕುಂತು ರೊಟ್ಟಿ ತಿಂದೇನಿ. ಆ ರೊಟ್ಟಿ ಎಷ್ಟು ತೆಳ್ಳಗಿರ್ತಿತ್ತಂದ್ರ, ಹಿಂದ ಪೇಪರ್ ಹಿಡದು ಓದಬೋದಾಗಿತ್ತು."

ಮೂವರೂ ವಾದ ಬಿಟ್ಟು ನನ್ನನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಹಾದವನು ನನ್ನ ಖಾಲಿ ಲೋಟಕ್ಕೆ ಇನ್ನೊಂದಿಷ್ಟು ಚಹಾ ಸುರಿದು, ಹಿರಿಯಳಿಗೆ ಹೇಳುವಷ್ಟು ಮೆತ್ತಗೆ ಹೇಳಿದ:

"ಅಕ್ಕಾರ, ಸಾಲಿ ಕಲಿಸಾವ್ರು ನೀವ ಹಿಂಗ ಗ್ಯಾಸ್ಕನಾಟ ಹಚ್ಚಿದ್ರ ಹ್ಯಾಂಗ್ರಿ?"